ಪಿಎಚ್‌ಡಿಗೆ ಹೆಸರು ಹಚ್ಚಿದ ವಾರವೇ ಹಾಕಿಕೊಳ್ಳಬೇಕಾದ ಸಾಫ್ಟ್‌ವೇರ್: ಝೊಟೆರೊ

ಥೀಸಿಸ್ ಬರೆದು ಮುಗಿಸಿದ ಮೇಲೂ ಬೆನ್ನು ಬಿಡದ ಕೆಲಸ ಒಂದಿದೆ: ರೆಫರೆನ್ಸ್ ಪಟ್ಟಿ. ಎರಡನೇ ಅಧ್ಯಾಯದಲ್ಲಿ ಇನ್ನೊಂದು ಅಧ್ಯಯನ ಸೇರಿಸಿ ಎಂದು ಗೈಡ್ ಹೇಳಿದರೆ ಸಾಕು, 37ನೇ ನಂಬರಿನಿಂದ ಮುಂದಿನ ಅಷ್ಟೂ ನಂಬರು ಬದಲಾಗಬೇಕು. ಕೈಯಿಂದ ತಿದ್ದುತ್ತ ಹೋದರೆ ಎಲ್ಲೋ ಒಂದು ತಪ್ಪುತ್ತದೆ. ಅಲ್ಲಿಂದಾಚೆ ಎಲ್ಲವೂ ಒಂದೊಂದು ಸ್ಥಾನ ಸರಿದು ನಿಲ್ಲುತ್ತವೆ. ವೈವಾ ದಿನ ಪರೀಕ್ಷಕರು 112ನೇ ರೆಫರೆನ್ಸ್ ತೆರೆದು, ಪಠ್ಯದಲ್ಲಿ ಹೇಳಿದ ಮಾತಿಗೂ ಪಟ್ಟಿಯಲ್ಲಿರುವ ಲೇಖನಕ್ಕೂ ಸಂಬಂಧವೇ ಇಲ್ಲವಲ್ಲ ಎಂದರೆ, ವರ್ಷಗಟ್ಟಲೆ ಮಾಡಿದ ದುಡಿಮೆಯ ಮೇಲೇ ಅನುಮಾನ ಬೀಳುತ್ತದೆ. ಈ ಕೆಲಸಕ್ಕೆಂದೇ ಇರುವ ಸಾಫ್ಟ್‌ವೇರುಗಳ ಪೈಕಿ ಝೊಟೆರೊ ಹುಬ್ಬಳ್ಳಿ-ಧಾರವಾಡದ ನರ್ಸಿಂಗ್ ಮತ್ತು ವಿಜ್ಞಾನ ವಿಭಾಗಗಳ ಸಂಶೋಧನಾ ವಿದ್ಯಾರ್ಥಿಗೆ ಎಷ್ಟು ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಈ ವಿಮರ್ಶೆಯ ವಿಷಯ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಹಾಕಿಕೊಳ್ಳಿ, ಅದೂ ಕೋರ್ಸ್‌ವರ್ಕ್ ಶುರುವಾದ ವಾರವೇ. ಆದರೆ ಅದು ತಂದುಕೊಟ್ಟ ಒಂದೊಂದು ನಮೂದನ್ನೂ ಕಣ್ಣಾರೆ ನೋಡದೆ ನಂಬಬೇಡಿ.

ಝೊಟೆರೊ 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಈಗ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ಅದನ್ನು ನಡೆಸುತ್ತದೆ. ಮೂಲ ಕೋಡ್ ಮುಕ್ತ, ಬಳಕೆ ಪುಕ್ಕಟೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಐಫೋನ್‌ಗೂ ಆಂಡ್ರಾಯ್ಡ್‌ಗೂ ಆ್ಯಪ್ ಇದೆ. ಪುಕ್ಕಟೆ ಎನ್ನುವುದು ಇಲ್ಲಿ ಸಣ್ಣ ಮಾತಲ್ಲ. ಯುಜಿಸಿಯ 2022ರ ನಿಯಮಗಳ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೂ ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆ 2 ವರ್ಷದ ಸಡಿಲಿಕೆ ಇದೆ. ನರ್ಸಿಂಗ್‌ನಲ್ಲಿ ಪಿಎಚ್‌ಡಿ ಮಾಡುವವರಲ್ಲಿ ಎಷ್ಟೋ ಮಂದಿ ಆಸ್ಪತ್ರೆಯಲ್ಲೋ ಕಾಲೇಜಿನಲ್ಲೋ ನೌಕರಿ ಮಾಡುತ್ತಲೇ ಓದುತ್ತಾರೆ. ಹೀಗಾಗಿ ಇವತ್ತು ಕೂಡಿಟ್ಟ ಲೇಖನ ಆರೆಂಟು ವರ್ಷದ ನಂತರವೂ ಕೈಗೆ ಸಿಗಬೇಕು. ಅಷ್ಟರಲ್ಲಿ ಲ್ಯಾಪ್‌ಟಾಪ್ ಬದಲಾಗಿರುತ್ತದೆ, ನೌಕರಿಯೂ ಬದಲಾಗಿರಬಹುದು. ಸಂಸ್ಥೆಯ ಲೈಸೆನ್ಸಿನ ಮೇಲೆ ಓಡುವ ಸಾಫ್ಟ್‌ವೇರ್ ಆದರೆ ನೌಕರಿ ಬಿಟ್ಟ ದಿನ ಅದೂ ಕೈ ಬಿಡುತ್ತದೆ. ಇದು ಬಿಡುವುದಿಲ್ಲ.

ಲೇಖನ ಕೂಡಿಸುವ ದಾರಿ ಮೂರು. ಮೊದಲನೆಯದು ಬ್ರೌಸರಿಗೆ ಹಾಕುವ ಕನೆಕ್ಟರ್ ಎಂಬ ಗುಂಡಿ. ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ಒಂದು ಲೇಖನ ತೆರೆದು ಗುಂಡಿ ಒತ್ತಿದರೆ ಲೇಖಕರು, ಶೀರ್ಷಿಕೆ, ಜರ್ನಲ್, ಸಂಪುಟ, ಪುಟ ಎಲ್ಲ ಬಂದು ಕೂರುತ್ತವೆ. ಪಿಡಿಎಫ್ ಮುಕ್ತವಾಗಿ ಸಿಗುವಂತಿದ್ದರೆ ಅದೂ ಬರುತ್ತದೆ. ಹುಡುಕಾಟದ ಫಲಿತಾಂಶಗಳ ಪುಟದಲ್ಲಿದ್ದಾಗ ಗುಂಡಿ ಫೋಲ್ಡರಿನ ಚಿತ್ರವಾಗುತ್ತದೆ, ಬೇಕಾದವುಗಳಿಗೆ ಟಿಕ್ ಹಾಕಿ ಒಟ್ಟಿಗೆ ಎಳೆದುಕೊಳ್ಳಬಹುದು. ಎರಡನೆಯದು ಲೇಖನದ ಗುರುತು ಸಂಖ್ಯೆಯಾದ ಡಿಒಐ, ಪಬ್‌ಮೆಡ್ ಕೊಡುವ ಪಿಎಂಐಡಿ ಅಥವಾ ಪುಸ್ತಕದ ಐಎಸ್‌ಬಿಎನ್ ನಂಬರನ್ನು ಮಂತ್ರದಂಡದ ಚಿತ್ರವಿರುವ ಗುಂಡಿಯೊಳಗೆ ಹಾಕುವುದು. ನಮ್ಮ ಮಟ್ಟಿಗೆ ಅತಿ ಕಡಿಮೆ ತಪ್ಪು ಬರುವ ದಾರಿ ಇದೇ. ಮೂರನೆಯದು ಪಿಡಿಎಫನ್ನೇ ಎಳೆದು ಒಳಗೆ ಬಿಡುವುದು. ಒಳಗಿನ ಅಕ್ಷರ ಓದಲು ಬಂದರೆ ಝೊಟೆರೊ ಡಿಒಐ ಹುಡುಕಿ ವಿವರ ತುಂಬಿಕೊಳ್ಳುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದ ಹಳೆಯ ಜರ್ನಲ್ ಪುಟಗಳಾದರೆ ಅದಕ್ಕೆ ಏನೂ ಸಿಗುವುದಿಲ್ಲ. ವಿವರವನ್ನು ನೀವೇ ತುಂಬಬೇಕು.

ಶೋಧಗಂಗಾದಿಂದ ಥೀಸಿಸ್ ತೆಗೆದುಕೊಳ್ಳುವಾಗ ಇನ್ನಷ್ಟು ಎಚ್ಚರ ಬೇಕು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಆ ಭಂಡಾರದಲ್ಲಿ ಒಂದು ಥೀಸಿಸ್ ಅಧ್ಯಾಯಕ್ಕೊಂದು ಪಿಡಿಎಫ್ ಆಗಿ ಹರಡಿಕೊಂಡಿರುತ್ತದೆ. ಪ್ರತಿ ಪಿಡಿಎಫನ್ನೂ ಬೇರೆ ಬೇರೆಯಾಗಿ ಝೊಟೆರೊಗೆ ಎಳೆದು ಬಿಟ್ಟರೆ ಒಂದೇ ಥೀಸಿಸ್ ಆರೇಳು ಅನಾಥ ಫೈಲುಗಳಾಗುತ್ತದೆ. ಮೊದಲು ಮುಖ್ಯ ಪುಟದಿಂದ ಒಂದೇ ನಮೂದು ಮಾಡಿ, ಪಿಡಿಎಫ್‌ಗಳನ್ನು ಅದರ ಕೆಳಗೆ ಸೇರಿಸಿ. ಐಟಂ ಟೈಪ್ 'ಥೀಸಿಸ್' ಎಂದಿದೆಯೇ, ವಿಶ್ವವಿದ್ಯಾಲಯದ ಹೆಸರು ಸರಿಯಾದ ಮನೆಯಲ್ಲಿ (ಫೀಲ್ಡ್) ಇದೆಯೇ, ಲೇಖಕರ ಜಾಗದಲ್ಲಿ ಗೈಡ್ ಹೆಸರು ಸೇರಿಕೊಂಡಿಲ್ಲವೇ ಎಂದು ನೋಡಿ.

ಇನ್ನು ಹೆಸರುಗಳ ವಿಚಾರ. ಝೊಟೆರೊ ಪ್ರತಿ ಲೇಖಕರ ಹೆಸರನ್ನು ಎರಡು ಮನೆ ಮಾಡುತ್ತದೆ, ಅಡ್ಡಹೆಸರು ಮತ್ತು ಮೊದಲ ಹೆಸರು. ನಮ್ಮ ಕಡೆ ಪಾಟೀಲ, ಕುಲಕರ್ಣಿ, ಹಿರೇಮಠ, ಅಂಗಡಿ ಎಂದು ಅಡ್ಡಹೆಸರು ಇರುವುದರಿಂದ ಈ ವಿಂಗಡಣೆ ಸಲೀಸು. ಮೈಸೂರು ಕಡೆಯ ಹೆಸರಿಗೆ ಬಂದಾಗ ತೊಡಕು ಹತ್ತುತ್ತದೆ. ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್ ಕೊನೆಗೆ ಬರೆಯುವ 'ಮಂಜುನಾಥ ಕೆ. ಎಂ.' ಎಂಬ ಲೇಖಕರ ಹೆಸರಿನಲ್ಲಿ ಕೊನೆಯ 'ಎಂ.' ಅಕ್ಷರವೇ ಅಡ್ಡಹೆಸರಿನ ಮನೆಗೆ ಹೋಗಿ ಕೂತಿರುತ್ತದೆ. ಆಗ ಎಪಿಎ ಶೈಲಿಯ (ಪಠ್ಯದಲ್ಲಿ ನಂಬರಿನ ಬದಲು ಲೇಖಕರ ಹೆಸರು, ವರ್ಷ ಬರೆಯುವ ಶೈಲಿ) ಪಟ್ಟಿಯಲ್ಲಿ ಅವರು ಮಂಜುನಾಥ ಎಂದಲ್ಲ, 'ಎಂ' ಎಂದು ಕಾಣಿಸಿಕೊಳ್ಳುತ್ತಾರೆ, ಅಕಾರಾದಿಯಲ್ಲೂ ತಪ್ಪು ಜಾಗಕ್ಕೆ ಬೀಳುತ್ತಾರೆ. ಭಾರತೀಯ ಲೇಖಕರ ಪ್ರತಿ ನಮೂದನ್ನೂ ಮೂಲ ಲೇಖನದ ಮೊದಲ ಪುಟದ ಪಕ್ಕದಲ್ಲಿಟ್ಟು ತಾಳೆ ನೋಡಲೇಬೇಕು.

ಪಾಟೀಲರದು ಬೇರೆಯೇ ಸಮಸ್ಯೆ. ಒಬ್ಬರೇ ಲೇಖಕರು ಒಂದು ಜರ್ನಲ್‌ನಲ್ಲಿ 'ಪಾಟೀಲ ಎಸ್.', ಇನ್ನೊಂದರಲ್ಲಿ 'ಪಾಟೀಲ ಎಸ್. ಬಿ.' ಎಂದಿದ್ದರೆ ಝೊಟೆರೊ ಇವರನ್ನು ಇಬ್ಬರು ಎಂದೇ ತಿಳಿಯುತ್ತದೆ. ಎಪಿಎ ಶೈಲಿಯಲ್ಲಿ ಅಡ್ಡಹೆಸರು ಒಂದೇ ಇರುವ ಇಬ್ಬರನ್ನು ಬೇರೆ ಮಾಡಿ ತೋರಿಸಲು ಪಠ್ಯದೊಳಗೆ ಇನಿಷಿಯಲ್ ಸೇರಿಸಬೇಕು ಎಂಬ ನಿಯಮವಿದೆ; ಅದನ್ನು ಪಾಲಿಸಿ ಎಲ್ಲೆಡೆ ಬೇಡದ ಇನಿಷಿಯಲ್ ತುರುಕುತ್ತದೆ. ಉಳಿದೆಲ್ಲ ಕಡೆ ಬರೀ ಅಡ್ಡಹೆಸರು, ಇದೊಂದು ಕಡೆ ಮಾತ್ರ ಇನಿಷಿಯಲ್ ಏಕೆ ಬಂತು ಎಂದು ತಲೆ ಕೆಡಿಸಿಕೊಂಡವರಿಗೆ ಉತ್ತರ ಇದು. ಒಬ್ಬರೇ ವ್ಯಕ್ತಿ ಎಂದು ಖಚಿತವಾದ ಮೇಲೆ ಎರಡೂ ನಮೂದುಗಳಲ್ಲಿ ಹೆಸರನ್ನು ಒಂದೇ ರೀತಿ ಮಾಡಿದರೆ ಸರಿಹೋಗುತ್ತದೆ.

ನರ್ಸಿಂಗ್‌ನವರನ್ನು ಇದಕ್ಕಿಂತ ಹೆಚ್ಚು ಕಾಡುವುದು ಸಂಸ್ಥೆಗಳ ಹೆಸರು. ವರ್ಲ್ಡ್ ಹೆಲ್ತ್ ಆರ್ಗನೈಸೇಷನ್ ವರದಿಯನ್ನು ಎರಡು ಮನೆಗಳಲ್ಲಿ ತುಂಬಿದರೆ ನಂಬರು ಬಳಸುವ ವ್ಯಾಂಕೂವರ್ ಶೈಲಿಯ ಪಟ್ಟಿಯಲ್ಲಿ ಅದು 'ಆರ್ಗನೈಸೇಷನ್ ಡಬ್ಲ್ಯುಎಚ್' ಎಂದಾಗುತ್ತದೆ, ಇಂಡಿಯನ್ ನರ್ಸಿಂಗ್ ಕೌನ್ಸಿಲ್ 'ಕೌನ್ಸಿಲ್ ಐಎನ್' ಆಗುತ್ತದೆ. ಪರೀಕ್ಷಕರ ಕಣ್ಣಿಗೆ ಮೊದಲು ಬೀಳುವ ತಪ್ಪುಗಳಲ್ಲಿ ಇದೊಂದು. ಲೇಖಕರ ಮನೆಯ ಪಕ್ಕದಲ್ಲಿ ಎರಡು ಮನೆಯನ್ನು ಒಂದಾಗಿಸುವ ಪುಟ್ಟ ಗುಂಡಿ ಇದೆ. ಅದನ್ನು ಒತ್ತಿ, ಸಂಸ್ಥೆಯ ಪೂರ್ತಿ ಹೆಸರನ್ನು ಒಂದೇ ಮನೆಯಲ್ಲಿ ಬರೆದರೆ ಹಾಗೇ ಅಚ್ಚಾಗುತ್ತದೆ.

ಶೀರ್ಷಿಕೆಗಳನ್ನು ಯಾವಾಗಲೂ ಸೆಂಟೆನ್ಸ್ ಕೇಸ್‌ನಲ್ಲಿ ಇಡಿ: ಮೊದಲ ಅಕ್ಷರ ಮತ್ತು ಅಂಕಿತನಾಮ ಬಿಟ್ಟು ಉಳಿದೆಲ್ಲ ಸಣ್ಣ ಅಕ್ಷರ. ಪ್ರತಿ ಪದದ ಮೊದಲಕ್ಷರ ದೊಡ್ಡದಾಗಬೇಕು ಎನ್ನುವ ಶೈಲಿಗೆ ಝೊಟೆರೊ ತಾನೇ ಬದಲಿಸಿಕೊಳ್ಳಬಲ್ಲದು. ದೊಡ್ಡದನ್ನು ಸಣ್ಣದು ಮಾಡುವುದು ಅದಕ್ಕೆ ತಾನಾಗಿ ಆಗದು, ಯಾವುದು ಊರಿನ ಹೆಸರು ಯಾವುದು ಸಾಮಾನ್ಯ ಪದ ಎಂದು ಯಂತ್ರಕ್ಕೆ ಖಚಿತವಿಲ್ಲ. ಶೀರ್ಷಿಕೆಯ ಮೇಲೆ ರೈಟ್ ಕ್ಲಿಕ್ ಮಾಡಿದರೆ ಬದಲಾಯಿಸುವ ಆಯ್ಕೆ ಸಿಗುತ್ತದೆ. ಬದಲಾಯಿಸಿದ ಮೇಲೆ 'ಎಚ್‌ಐವಿ', 'ಕರ್ನಾಟಕ' ಮುಂತಾದವುಗಳ ದೊಡ್ಡಕ್ಷರ ಉಳಿದಿದೆಯೇ ನೋಡಿ. ಜೀವವಿಜ್ಞಾನದವರು ಜೀವಿಗಳ ವೈಜ್ಞಾನಿಕ ಹೆಸರಿನ ಎರಡೂ ಬದಿಗೆ ಇಟಾಲಿಕ್ ಟ್ಯಾಗ್ ಹಾಕಬೇಕು, ರಸಾಯನಶಾಸ್ತ್ರದವರು ಸೂತ್ರಗಳಿಗೆ ಸಬ್‌ಸ್ಕ್ರಿಪ್ಟ್ ಟ್ಯಾಗ್. ಶೀರ್ಷಿಕೆಯ ಮನೆಯಲ್ಲಿ ಟ್ಯಾಗ್ ಬರೀ ಚಿಹ್ನೆಯಂತೆ ಕಂಡರೂ ವರ್ಡ್‌ನ ಪಟ್ಟಿಯಲ್ಲಿ ಸರಿಯಾಗಿ ಬರುತ್ತದೆ. ಕನ್ನಡ ಪುಸ್ತಕ ಅಥವಾ ಕನ್ನಡಕ್ಕೆ ತಂದ ಪ್ರಶ್ನಾವಳಿಯನ್ನು ನಮೂದಿಸುವಾಗ ಯುನಿಕೋಡ್ ಅಕ್ಷರವೇ ಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ.

ಶೈಲಿ ಆಯ್ಕೆಗೆ ಮೊದಲು ನಿಮ್ಮ ವಿಶ್ವವಿದ್ಯಾಲಯದ ಥೀಸಿಸ್ ಮಾರ್ಗಸೂಚಿ ಓದಿ. ಆರೋಗ್ಯ ವಿಜ್ಞಾನದ ಕಡೆ ವ್ಯಾಂಕೂವರ್ ಹೆಚ್ಚು ಬಳಕೆಯಲ್ಲಿದೆ. ಮನೋವಿಜ್ಞಾನ, ಸಮಾಜ ವಿಜ್ಞಾನದ ಕಡೆ ಎಪಿಎ. ವ್ಯಾಂಕೂವರ್‌ನಲ್ಲಿ ಲೇಖಕರು 6ಕ್ಕಿಂತ ಹೆಚ್ಚಿದ್ದರೆ ಮೊದಲ 6 ಹೆಸರು ಬರೆದು ಎಟ್ ಆಲ್ (ಮತ್ತು ಇತರರು) ಎನ್ನುವುದು ರೂಢಿ. 2019ರಲ್ಲಿ ಬಂದ ಎಪಿಎ 7ನೇ ಆವೃತ್ತಿಯಲ್ಲಿ 20 ಲೇಖಕರವರೆಗೆ ಎಲ್ಲರ ಹೆಸರೂ ಬೇಕು. ಝೊಟೆರೊದಲ್ಲಿ ಸಾವಿರಾರು ಶೈಲಿಗಳಿವೆ, ಬೇಕಾದ್ದನ್ನು ಇಳಿಸಿಕೊಳ್ಳುವುದು ಒಂದು ಕ್ಲಿಕ್ಕಿನ ಕೆಲಸ. ವ್ಯಾಂಕೂವರ್‌ಗೆ ಜರ್ನಲ್ ಹೆಸರಿನ ಸಂಕ್ಷಿಪ್ತ ರೂಪ ಬೇಕಲ್ಲ, ಅದಕ್ಕೆ ವರ್ಡ್‌ನಲ್ಲಿ ಡಾಕ್ಯುಮೆಂಟ್ ಪ್ರಿಫರೆನ್ಸಸ್ ಒಳಗೆ ಮೆಡ್‌ಲೈನ್ (ಪಬ್‌ಮೆಡ್‌ನ ಹಿಂದಿರುವ ಜರ್ನಲ್ ಸೂಚಿ) ಸಂಕ್ಷೇಪ ಬಳಸು ಎಂಬ ಟಿಕ್ ಇದೆ. ಟಿಕ್ ಇದ್ದಾಗ ನೀವು ನಮೂದಿನಲ್ಲಿ ತುಂಬಿದ ಸಂಕ್ಷೇಪವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೆಡ್‌ಲೈನ್‌ನಲ್ಲಿ ಇಲ್ಲದ ಭಾರತೀಯ ಜರ್ನಲ್‌ಗಳು ಹೆಚ್ಚಿರುವ ಥೀಸಿಸ್‌ನಲ್ಲಿ ಟಿಕ್ ತೆಗೆದು, ಸಂಕ್ಷೇಪಗಳನ್ನು ಕೈಯಾರೆ ತುಂಬುವುದೇ ಲೇಸು.

ವರ್ಡ್‌ನಲ್ಲಿ ಝೊಟೆರೊ ಟ್ಯಾಬ್ ತಾನಾಗಿಯೇ ಬರುತ್ತದೆ. ಬರವಣಿಗೆ ನಡೆದಿರುವಾಗ ಝೊಟೆರೊ ತೆರೆದಿರಬೇಕು, ಇಂಟರ್ನೆಟ್ ಇರಲೇಬೇಕೆಂದಿಲ್ಲ. ಸೈಟೇಶನ್ ಎಂದರೆ ಪಠ್ಯದೊಳಗೆ ಆಧಾರ ತೋರಿಸುವ ಗುರುತು. ಆ್ಯಡ್ ಸೈಟೇಶನ್ ಒತ್ತಿ, ಲೇಖಕರ ಹೆಸರಿನ ನಾಲ್ಕಕ್ಷರ ಟೈಪ್ ಮಾಡಿ ಆರಿಸಿದರೆ ಮುಗಿಯಿತು. ನಡುವೆ ಹೊಸದು ಸೇರಿದರೆ ನಂಬರುಗಳೆಲ್ಲ ತಾವೇ ಮುಂದೆ ಸರಿಯುತ್ತವೆ. ಅಧ್ಯಾಯಕ್ಕೊಂದು ಫೈಲ್ ಇಟ್ಟುಕೊಂಡು ಬರೆಯಬಹುದು. ಕೊನೆಗೆ ಎಲ್ಲವನ್ನೂ ಒಂದೇ ಫೈಲಿಗೆ ಕಾಪಿ ಮಾಡಿ ರಿಫ್ರೆಶ್ ಕೊಟ್ಟರೆ 1ರಿಂದ ಕೊನೆಯವರೆಗೆ ಸಾಲಾಗಿ ನಂಬರು ಬೀಳುತ್ತದೆ. ಎಲ್ಲ ಅಧ್ಯಾಯಗಳಲ್ಲೂ ಶೈಲಿ ಒಂದೇ ಇರಲಿ, ಅಧ್ಯಾಯವಾರು ಪಟ್ಟಿಗಳನ್ನು ಅಳಿಸಿ ಕೊನೆಗೊಂದೇ ಪಟ್ಟಿ ಉಳಿಸಿ. ಫೈಲ್ ದೊಡ್ಡದಾದಂತೆ ಒಂದೊಂದು ಸೈಟೇಶನ್‌ಗೂ ಕಂಪ್ಯೂಟರ್ ತಡವರಿಸುತ್ತದೆ. ಪ್ರಿಫರೆನ್ಸಸ್‌ನಲ್ಲಿ ಆಟೊಮ್ಯಾಟಿಕ್ ಅಪ್‌ಡೇಟ್ ಆಫ್ ಮಾಡಿ, ದಿನದ ಕೊನೆಗೆ ಒಮ್ಮೆ ರಿಫ್ರೆಶ್ ಮಾಡಿದರೆ ಕೆಲಸ ಹಗುರಾಗುತ್ತದೆ.

ಗೈಡ್ ತಿದ್ದುವಾಗ ಸೈಟೇಶನ್ ನಂಬರಿನ ಮೇಲೆ ನೇರವಾಗಿ ಟೈಪ್ ಮಾಡಿರುತ್ತಾರೆ. ಮುಂದಿನ ರಿಫ್ರೆಶ್‌ನಲ್ಲಿ ಝೊಟೆರೊ ಒಂದು ಪ್ರಶ್ನೆ ಕೇಳುತ್ತದೆ: ಈ ಸೈಟೇಶನ್ ಕೈಯಿಂದ ಬದಲಾಗಿದೆ, ಆ ಬದಲಾವಣೆ ಉಳಿಸಲೇ? ಇಲ್ಲಿ 'ಯೆಸ್' ಒತ್ತಿದರೆ ಆ ನಂಬರು ಅಲ್ಲಿಗೇ ಹೆಪ್ಪುಗಟ್ಟುತ್ತದೆ, ಮುಂದೆ ಏನೇ ಸೇರಿಸಿದರೂ ಅದು ಬದಲಾಗದು. 'ನೋ' ಒತ್ತಿ, ಬೇಕಾದ ತಿದ್ದುಪಡಿಯನ್ನು ಎಡಿಟ್ ಸೈಟೇಶನ್ ಒಳಗಿಂದಲೇ ಮಾಡಬೇಕು. ಪುಟ ಸಂಖ್ಯೆ, 'ನೋಡಿ' ಎಂಬಂಥ ಮುಂಪದ, ಎಲ್ಲಕ್ಕೂ ಅಲ್ಲಿ ಜಾಗವಿದೆ. ಗೈಡ್ ಟ್ರ್ಯಾಕ್ ಚೇಂಜಸ್ ಹಾಕಿ ಕಳಿಸಿದ ಫೈಲಿನಲ್ಲಿ ಮೊದಲು ಬದಲಾವಣೆಗಳನ್ನು ಒಪ್ಪಿ ಅಥವಾ ತಳ್ಳಿ, ಟ್ರ್ಯಾಕಿಂಗ್ ನಿಲ್ಲಿಸಿ, ಆಮೇಲೆ ರಿಫ್ರೆಶ್ ಮಾಡಿ.

ಒಂದೇ ಲೇಖನ ಪಬ್‌ಮೆಡ್‌ನಿಂದ ಒಮ್ಮೆ, ಗೂಗಲ್ ಸ್ಕಾಲರ್‌ನಿಂದ ಒಮ್ಮೆ ಬಂದರೆ ಪಟ್ಟಿಯಲ್ಲಿ ಎರಡು ನಂಬರು ಪಡೆಯುತ್ತದೆ. ಡುಪ್ಲಿಕೇಟ್ ಐಟಮ್ಸ್ ವಿಭಾಗ ಅವನ್ನು ಜೋಡಿಸಿ ತೋರಿಸುತ್ತದೆ. ಅಲ್ಲಿ ಮರ್ಜ್ ಮಾಡಬೇಕು, ಒಂದನ್ನು ಡಿಲೀಟ್ ಮಾಡಬಾರದು. ಮರ್ಜ್ ಮಾಡಿದರೆ ಥೀಸಿಸ್‌ನಲ್ಲಿ ಈಗಾಗಲೇ ಹಾಕಿದ ಸೈಟೇಶನ್ ಹೊಸ ನಮೂದಿಗೆ ಕೂಡಿಕೊಳ್ಳುತ್ತದೆ. ಡಿಲೀಟ್ ಮಾಡಿದರೆ ಕೊಂಡಿ ಕಡಿಯುತ್ತದೆ. ಗೈಡ್ ಜೊತೆ ಹಂಚಿಕೊಂಡ ಗ್ರೂಪ್ ಲೈಬ್ರರಿ ಇದ್ದರೆ, ಥೀಸಿಸ್‌ಗೆ ಸ್ವಂತ ಲೈಬ್ರರಿ ಅಥವಾ ಗ್ರೂಪ್ ಲೈಬ್ರರಿ ಎರಡರಲ್ಲಿ ಒಂದರಿಂದ ಮಾತ್ರ ಸೈಟ್ ಮಾಡಿ. ಎರಡರಿಂದಲೂ ತೆಗೆದರೆ ಒಂದೇ ಲೇಖನ ಎರಡು ಸಲ ಬರುತ್ತದೆ.

ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆಯ ಮೇಲಿನ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಹುಡುಕಿ ಪರಿಶೀಲಿಸುವುದು) ಮಾಡುವವರು ಇಲ್ಲೊಂದು ಕ್ರಮ ಪಾಲಿಸಲೇಬೇಕು. ಅಂಥ ವರದಿಗೆಂದೇ ಇರುವ ಪ್ರಿಸ್ಮಾ 2020 ಮಾರ್ಗಸೂಚಿಯ ನಕ್ಷೆಯಲ್ಲಿ ಯಾವ ಡೇಟಾಬೇಸ್‌ನಿಂದ ಎಷ್ಟು ಸಿಕ್ಕವು, ನಕಲು ಎಂದು ಎಷ್ಟು ತೆಗೆದಿರಿ ಎಂದು ತೋರಿಸಬೇಕು. ಪಬ್‌ಮೆಡ್, ಸಿನಾಲ್, ಸ್ಕೋಪಸ್ ಒಂದೊಂದಕ್ಕೂ ಬೇರೆ ಕಲೆಕ್ಷನ್ ಮಾಡಿ, ಫೈಲ್ ಇಂಪೋರ್ಟ್ ಮಾಡಿ, ಸಂಖ್ಯೆ ಬರೆದಿಟ್ಟುಕೊಂಡು ಆಮೇಲೆ ಮರ್ಜ್ ಮಾಡಿ. ಮೊದಲೇ ಮರ್ಜ್ ಮಾಡಿದರೆ ಆ ಅಂಕಿಗಳನ್ನು ಮತ್ತೆ ಹುಡುಕಲು ಇಡೀ ಹುಡುಕಾಟವನ್ನೇ ಹೊಸದಾಗಿ ಮಾಡಬೇಕಾಗುತ್ತದೆ.

ನರ್ಸಿಂಗ್ ಸಂಶೋಧಕರು ಈ ಸಾಫ್ಟ್‌ವೇರ್ ಬಳಸಲು ಬೇರೇನೂ ಕಾರಣ ಇಲ್ಲದಿದ್ದರೂ ಇದೊಂದು ಸಾಕು: ಜರ್ನಲ್ ಹಿಂತೆಗೆದುಕೊಂಡ ಲೇಖನ ನಿಮ್ಮ ಲೈಬ್ರರಿಯಲ್ಲಿದ್ದರೆ ಝೊಟೆರೊ ಕೆಂಪು ಗುರುತು ಹಾಕಿ ತಿಳಿಸುತ್ತದೆ. ಹಿಂತೆಗೆದ ಲೇಖನಗಳನ್ನು ದಾಖಲಿಸುವ ರಿಟ್ರಾಕ್ಷನ್ ವಾಚ್ ಸಂಗ್ರಹದೊಂದಿಗೆ 2019ರಿಂದ ಈ ಜೋಡಣೆ ಇದೆ. ವರ್ಡ್‌ನಲ್ಲಿ ಅಂಥ ಲೇಖನವನ್ನು ಸೈಟ್ ಮಾಡಹೊರಟರೂ ತಡೆದು ಕೇಳುತ್ತದೆ. ರೋಗಿಯ ಆರೈಕೆಗೆ ಸಂಬಂಧಿಸಿದ ಶಿಫಾರಸು ಬರೆಯುವವರ ಥೀಸಿಸ್‌ನಲ್ಲಿ ಸುಳ್ಳು ಡಾಟಾದ ಲೇಖನ ಆಧಾರವಾಗಿ ನಿಲ್ಲಬಾರದು. ನೋಂದಣಿಯ ವರ್ಷ ಸರಿಯಿದ್ದ ಲೇಖನ ಐದನೇ ವರ್ಷದಲ್ಲಿ ರದ್ದಾಗಿರಬಹುದು. ಕೈಬರಹದ ಪಟ್ಟಿ ಇದನ್ನು ಎಂದೂ ಹೇಳದು.

ಜಾಗದ ಲೆಕ್ಕ ಹೀಗಿದೆ. ನಮೂದುಗಳ ಸಿಂಕ್‌ಗೆ (ಝೊಟೆರೊದ ಸರ್ವರ್ ಮೂಲಕ ನಿಮ್ಮ ಎಲ್ಲ ಸಾಧನಗಳಲ್ಲೂ ಒಂದೇ ಪ್ರತಿ ಇಡುವುದು) ಮಿತಿಯಿಲ್ಲ, ದುಡ್ಡಿಲ್ಲ. ಪಿಡಿಎಫ್‌ಗಳಿಗೆ ಪುಕ್ಕಟೆ ಸಿಗುವುದು 300 ಎಂಬಿ. ಲೇಖನಕ್ಕೆ ಒಂದೆರಡು ಎಂಬಿ ಹಿಡಿದರೆ 150ರಿಂದ 300 ಪಿಡಿಎಫ್, ಥೀಸಿಸ್‌ಗೆ ಸಾಲದು. ವರ್ಷಕ್ಕೆ 20 ಡಾಲರ್ ಕೊಟ್ಟರೆ 2 ಜಿಬಿ ಸಿಗುತ್ತದೆ. ಕೊಡಲಾಗದವರು ಫೈಲ್ ಸಿಂಕ್ ಆಫ್ ಮಾಡಿ, ಪಿಡಿಎಫ್‌ಗಳನ್ನು ಒಂದೇ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡರೂ ಸೈಟೇಶನ್ ಕೆಲಸಕ್ಕೆ ಅಡ್ಡಿಯಿಲ್ಲ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಡ್ಯೂಟಿಗೆ ಓಡಾಡುತ್ತ ಫೋನಿನಲ್ಲಿ ಓದಿ ಗೆರೆ ಹಾಕುವವರಿಗೆ ಮಾತ್ರ ಆ 20 ಡಾಲರ್ ಸಾರ್ಥಕ. ಹೀಗೆ ಹಾಕಿದ ಬಣ್ಣದ ಗೆರೆಗಳು ಝೊಟೆರೊದ ಡೇಟಾಬೇಸ್‌ನಲ್ಲಿ ಇರುತ್ತವೆಯೇ ಹೊರತು ಪಿಡಿಎಫ್ ಫೈಲಿನಲ್ಲಲ್ಲ. ಬೇರೆಯವರಿಗೆ ಕೊಡುವಾಗ ಎಕ್ಸ್‌ಪೋರ್ಟ್ ಮಾಡಿಯೇ ಕೊಡಬೇಕು, ಫೋಲ್ಡರಿನಿಂದ ಕಾಪಿ ಮಾಡಿದರೆ ಗೆರೆ ಬರುವುದಿಲ್ಲ.

ಝೊಟೆರೊದ ಡೇಟಾ ಫೋಲ್ಡರನ್ನು ಒನ್‌ಡ್ರೈವ್, ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಒಳಗೆ ಇಡಲೇಬೇಡಿ. ಡೇಟಾಬೇಸ್ ಫೈಲಿಗೆ ಬರೆಯುತ್ತಿರುವ ಹೊತ್ತಿಗೇ ಕ್ಲೌಡ್ ಅದನ್ನು ಎತ್ತಿಕೊಂಡು ಹೋಗಿ ಅರೆಬರೆ ಪ್ರತಿ ಮಾಡುತ್ತದೆ, ಲೈಬ್ರರಿ ಕೆಡುತ್ತದೆ. ಸಿಂಕ್ ಎಂದರೆ ಬ್ಯಾಕಪ್ ಅಲ್ಲ ಎಂಬುದೂ ನೆನಪಿರಲಿ: ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ತಿಂಗಳಿಗೊಮ್ಮೆ ಝೊಟೆರೊ ಮುಚ್ಚಿ, ಇಡೀ ಫೋಲ್ಡರನ್ನು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ.

ಪೂರ್ತಿ ಲೇಖನ ಸಿಗುವ ವಿಚಾರದಲ್ಲಿ ಸಾಫ್ಟ್‌ವೇರ್ ತಾನೊಂದೇ ಏನೂ ಮಾಡಲಾರದು. ಫೈಂಡ್ ಫುಲ್ ಟೆಕ್ಸ್ಟ್ ಒತ್ತಿದರೆ ಮುಕ್ತವಾಗಿರುವ ಪ್ರತಿಯನ್ನೋ ನಿಮ್ಮ ಸಂಸ್ಥೆಯ ನೆಟ್‌ವರ್ಕ್ ಮೂಲಕ ಸಿಗುವ ಪ್ರತಿಯನ್ನೋ ಹುಡುಕುತ್ತದೆ, ಅಷ್ಟೇ. 2025ರ ಜನವರಿಯಿಂದ ನಡೆದಿರುವ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿದೆ. ಪಾವಟೆ ನಗರದ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿಯಂಥ ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿಗಳು ತಮ್ಮ ಲೈಬ್ರರಿಯಲ್ಲಿ ಇದರ ಪ್ರವೇಶ ಕೇಳಿ ಪಡೆಯಬೇಕು. ಖಾಸಗಿ ನರ್ಸಿಂಗ್ ಕಾಲೇಜುಗಳ ಸಂಶೋಧಕರು ಇದರ ಹೊರಗೆ ಉಳಿದಿದ್ದಾರೆ. ಪುಕ್ಕಟೆ ಸಾಫ್ಟ್‌ವೇರ್ ಸಿಕ್ಕರೂ ಓದಲು ಲೇಖನವೇ ಸಿಗದ ಈ ಅಂತರ ನಮಗೆ ಅನ್ಯಾಯ ಅನ್ನಿಸುತ್ತದೆ.

ವರ್ಡ್ ಬದಲು ಲೇಟೆಕ್ ಎಂಬ ಸಾಫ್ಟ್‌ವೇರಿನಲ್ಲಿ ಬರೆಯುವ ಭೌತಶಾಸ್ತ್ರ, ಗಣಿತದವರು ಬೆಟರ್ ಬಿಬ್‌ಟೆಕ್ ಪ್ಲಗಿನ್ ಹಾಕಿಕೊಂಡು 'ಕೀಪ್ ಅಪ್‌ಡೇಟೆಡ್' ಟಿಕ್ ಮಾಡಿದರೆ ರೆಫರೆನ್ಸ್‌ಗಳಿರುವ ಬಿಬ್ ಫೈಲ್ ತಾನಾಗಿ ಹೊಸದಾಗುತ್ತಿರುತ್ತದೆ. ಇಂಥದೇ ಇನ್ನೊಂದು ಸಾಫ್ಟ್‌ವೇರ್ ಮೆಂಡಲೆಯಲ್ಲಿ ಪುಕ್ಕಟೆ ಜಾಗ 2 ಜಿಬಿ, ಆ ಒಂದು ವಿಷಯದಲ್ಲಿ ಅದು ಮೇಲು. ಆದರೆ ಅದು ಎಲ್ಸೆವಿಯರ್ ಕಂಪನಿಯ ಸೊತ್ತು, ಹಳೆಯ ಡೆಸ್ಕ್‌ಟಾಪ್ ಆವೃತ್ತಿಯನ್ನು 2022ರಲ್ಲಿ ಹೊಸಬರಿಗೆ ಕೊಡುವುದನ್ನು ನಿಲ್ಲಿಸಿತು. ಆರೆಂಟು ವರ್ಷದ ಕೆಲಸವನ್ನು ಹಾಗೆ ಇನ್ನೊಬ್ಬರ ನಿರ್ಧಾರಕ್ಕೆ ಬಿಡುವುದು ನಮಗೆ ಸರಿ ಕಾಣುವುದಿಲ್ಲ.

ಕೊನೆಯ ಗಂಡಾಂತರ ಇರುವುದು ಡಿಟಿಪಿ ಅಂಗಡಿಯಲ್ಲಿ. ಸಪ್ತಾಪುರದಲ್ಲಾಗಲಿ ಹುಬ್ಬಳ್ಳಿಯ ವಿದ್ಯಾನಗರದಲ್ಲಾಗಲಿ, ಮಾರ್ಜಿನ್ ಸರಿಪಡಿಸಿ ಪ್ರಿಂಟ್ ತೆಗೆಯಲು ವರ್ಡ್ ಫೈಲ್ ಕೊಟ್ಟಾಗ ಅಲ್ಲಿನ ಕಂಪ್ಯೂಟರಿನಲ್ಲಿ ಅದು ಬೇರೆ ಸಾಫ್ಟ್‌ವೇರಿನಲ್ಲಿ ತೆರೆದುಕೊಳ್ಳಬಹುದು. ಪೇಜ್‌ಮೇಕರ್‌ಗೆ ಹೋದ ಪಠ್ಯದಲ್ಲಿ ಸೈಟೇಶನ್‌ಗಳು ಬರೀ ಅಕ್ಷರಗಳಾಗುತ್ತವೆ. ವರ್ಡ್‌ನಂಥದೇ ಸಾಫ್ಟ್‌ವೇರ್ ಆದ ಡಬ್ಲ್ಯುಪಿಎಸ್‌ಗೆ ಝೊಟೆರೊದ ಅಧಿಕೃತ ಪ್ಲಗಿನ್ ಇಲ್ಲ. ಅಲ್ಲಿ ಸೇವ್ ಆಗಿ ಮರಳಿದ ಫೈಲನ್ನು ನಿಮ್ಮ ವರ್ಡ್‌ನಲ್ಲಿ ರಿಫ್ರೆಶ್ ಮಾಡಿದರೆ ನಂಬರು ಕದಲದೇ ಇರಬಹುದು. ಅದಕ್ಕೆ ಎರಡು ಫೈಲ್ ಇರಬೇಕು. ಮೊದಲನೆಯದು ಸೈಟೇಶನ್ ಜೀವಂತವಾಗಿರುವ ಮೂಲ ಪ್ರತಿ, ಇದು ಅಂಗಡಿಗೆ ಹೋಗಬಾರದು. ಅದನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಆ ಎರಡನೇ ಪ್ರತಿಯಲ್ಲಿ ಮಾತ್ರ ಅನ್‌ಲಿಂಕ್ ಸೈಟೇಶನ್ಸ್ (ಝೊಟೆರೊ ಜೊತೆಗಿನ ಕೊಂಡಿ ಕಡಿದು ಬರೀ ಅಕ್ಷರ ಉಳಿಸುವ ಗುಂಡಿ) ಒತ್ತಿ ಅಂಗಡಿಗೆ ಕೊಡಿ; ಸಾಧ್ಯವಾದರೆ ಪುಟ ವಿನ್ಯಾಸವನ್ನೂ ನೀವೇ ಮುಗಿಸಿ ಪಿಡಿಎಫ್ ಕೊಡುವುದು ಇನ್ನೂ ಒಳ್ಳೆಯದು. ಅನ್‌ಲಿಂಕ್ ಮಾಡಿ ಮುಚ್ಚಿದ ಫೈಲನ್ನು ಮತ್ತೆ ಜೋಡಿಸಲು ದಾರಿಯಿಲ್ಲ. ಅಂಗಡಿಯಲ್ಲಿ ಕಂಡುಬಂದ ಅಕ್ಷರ ತಪ್ಪುಗಳನ್ನು ಅಲ್ಲಿ ತಿದ್ದಿಸಿದರೆ ಅದೇ ದಿನ ಮೂಲ ಪ್ರತಿಯಲ್ಲೂ ತಿದ್ದಿ. ವೈವಾದಲ್ಲಿ ಪರೀಕ್ಷಕರು ತಿದ್ದುಪಡಿ ಹೇಳಿದಾಗ, ಥೀಸಿಸ್‌ನಿಂದ ಜರ್ನಲ್‌ಗೆ ಲೇಖನ ತಯಾರಿಸಿ ಶೈಲಿ ಬದಲಿಸಬೇಕಾದಾಗ, ತೆರೆಯಬೇಕಾದದ್ದು ಆ ಮೂಲ ಪ್ರತಿಯನ್ನೇ.